ಕಣ್ಣು ತಪ್ಪಿಸುವ ಕ್ರಿಯಾಪದ

ಪ್ರಾರ್ಥನೆಯ ಗಂಟೆ ಬಾರಿಸಿದೆ. ಮಕ್ಕಳೆಲ್ಲ ಸಾಲಾಗಿ ನಿಂತಿದ್ದಾರೆ. ಏಳನೇ ತರಗತಿಯ ಒಬ್ಬ ಹುಡುಗ ಮಾತ್ರ ಸಾಲಿನಲ್ಲಿಲ್ಲ. ಚೀಲವನ್ನು ಎದೆಗವಚಿಕೊಂಡು ಶಾಲೆಯ ಹಿಂದಿನ ಗೋಡೆಗೆ ಆತುಕೊಂಡಿದ್ದಾನೆ. ಅತ್ತಿತ್ತ ನೋಡಿ ಎರಡು ಹೆಜ್ಜೆ ಸರಿಯುತ್ತಾನೆ, ಮತ್ತೆ ನಿಲ್ಲುತ್ತಾನೆ. ಇದನ್ನು ಹೇಳಲು ಕನ್ನಡದಲ್ಲಿ ‘ಅವಿತುಕೊಳ್ಳು’, ‘ಕಣ್ಣು ತಪ್ಪಿಸು’, ‘ಮೆಲ್ಲಗೆ ಜಾರಿಕೋ’ ಎಂದು ಹಲವು ಮಾತುಗಳಿವೆ. ಇಂಗ್ಲಿಷಿನಲ್ಲಿ ಇವೆಲ್ಲವನ್ನೂ ಒಟ್ಟಿಗೆ ಹೇಳಿಬಿಡುವ ಪುಟ್ಟ ಕ್ರಿಯಾಪದವೊಂದಿದೆ: ‘ಸ್ಕಲ್ಕ್’.

ನಿಘಂಟು ತೆರೆದರೆ ಅದಕ್ಕೆ ಮುಖ್ಯವಾಗಿ ಎರಡು ಅರ್ಥ. ಒಂದು, ಅಂಜಿಕೆಯಿಂದಲೋ ಕೆಟ್ಟ ಉದ್ದೇಶದಿಂದಲೋ ಮರೆಯಲ್ಲಿರುವುದು, ಮರೆಮರೆಯಾಗಿ ಓಡಾಡುವುದು. ಇನ್ನೊಂದು, ಮಾಡಬೇಕಾದ ಕೆಲಸದಿಂದ ತಪ್ಪಿಸಿಕೊಳ್ಳುವುದು. ಅಡಗುವುದಕ್ಕೂ ಕೆಲಸಕ್ಕೂ ಏನು ಸಂಬಂಧ ಎಂದು ವಿದ್ಯಾರ್ಥಿಗಳು ಕೇಳಬಹುದು. ಕನ್ನಡದ ‘ಮೈಗಳ್ಳ’ನನ್ನೇ ನೋಡಿ. ಅವನು ಯಾರ ಮನೆಯನ್ನೂ ದೋಚಿದವನಲ್ಲ; ಕೆಲಸದ ಹೊತ್ತಿಗೆ ತನ್ನ ಮೈಯನ್ನೇ ಬಚ್ಚಿಟ್ಟವನು!

ಈ ಪದ ಇಂಗ್ಲಿಷಿಗೆ ಬಂದದ್ದು ಕಡಲಾಚೆಯಿಂದ. ಕ್ರಿ.ಶ. 793ರಲ್ಲಿ ವೈಕಿಂಗರು ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ದ್ವೀಪದ ಮಠದ ಮೇಲೆ ದಾಳಿ ಮಾಡಿದರು. ಮುಂದಿನ ಶತಮಾನದಲ್ಲಿ ಸ್ಕ್ಯಾಂಡಿನೇವಿಯಾದ ಜನ ಆ ದೇಶದ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ಹೊಲ ಮನೆ ಮಾಡಿಕೊಂಡು ನೆಲೆಸಿದರು. ಕತ್ತಿಯ ಹಿಂದೆ ಮಾತೂ ಬಂತು. 13ನೇ ಶತಮಾನದ ಹೊತ್ತಿಗೆ ‘ಸ್ಕಲ್ಕ್’ ಇಂಗ್ಲಿಷ್ ಬರಹಗಳಲ್ಲಿ ಕಾಣಿಸಿಕೊಂಡಿತು.

ಅದು ಅವರ ಪದವೆಂದು ಗುರುತಿಸುವುದು ಹೇಗೆ? ಒಂದು ಸುಳಿವು ಪದದ ಆರಂಭದಲ್ಲೇ ಇದೆ. ಹಳೆಯ ಇಂಗ್ಲಿಷಿನಲ್ಲಿ ‘ಸ್ಕ’ ಧ್ವನಿ ಬದಲಾಗಿ ‘ಶ’ ಆಗಿತ್ತು; ವೈಕಿಂಗರ ಬಾಯಲ್ಲಿ ‘ಸ್ಕ’ ಹಾಗೆಯೇ ಉಳಿದಿತ್ತು. ಒಂದೇ ಮೂಲದ ಎರಡು ಪದಗಳಲ್ಲಿ ‘ಶರ್ಟ್’ ಇಂಗ್ಲಿಷರದು, ‘ಸ್ಕರ್ಟ್’ ವೈಕಿಂಗರದು. ‘ಸ್ಕೈ’, ‘ಸ್ಕಿನ್’, ‘ಸ್ಕಿಲ್’ ಕೂಡ ಅದೇ ಕಡೆಯಿಂದ ಬಂದವು. ಇನ್ನೊಂದು ಸುಳಿವು, ‘ಸ್ಕಲ್ಕ್’ ಪದದ ಬಂಧುಗಳು. ಅವು ಇಂದಿಗೂ ಅಲ್ಲಿವೆ: ನಾರ್ವೆ, ಡೆನ್ಮಾರ್ಕ್‌ಗಳಲ್ಲಿ ‘ಸ್ಕುಲ್ಕೆ’, ಸ್ವೀಡನ್ನಿನಲ್ಲಿ ‘ಸ್ಕೊಲ್ಕಾ’. ಅರ್ಥವೇನು ಗೊತ್ತೇ? ಶಾಲೆಗೆ ಚಕ್ಕರ್ ಹೊಡೆಯುವುದು!

ಸ್ವೀಡನ್ನಿನಲ್ಲಿ ಶಾಲೆಗೆ ‘ಸ್ಕೂಲಾ’ ಎನ್ನುತ್ತಾರೆ. ‘ಸ್ಕೂಲಾ’, ‘ಸ್ಕೊಲ್ಕಾ’ ಎರಡೂ ಒಂದೇ ಬೇರಿನವು ಎನ್ನಿಸುತ್ತದೆ, ಅಲ್ಲವೇ? ಆದರೆ ಅಲ್ಲ. ಶಾಲೆಯ ಪದ ಗ್ರೀಕರ ‘ಸ್ಖೊಲೆ’ಯಿಂದ ಲ್ಯಾಟಿನ್ ಮೂಲಕ ಬಂದದ್ದು. ಅದರ ಮೊದಲ ಅರ್ಥ ‘ಬಿಡುವು’. ಬಿಡುವಿನ ಚರ್ಚೆ ಕಲಿಕೆಯಾಯಿತು, ಕಲಿಯುವ ಜಾಗ ಶಾಲೆಯಾಯಿತು. ತಿಮಿಂಗಿಲ ನೋಡಲು ಮೀನಿನಂತಿದ್ದರೂ ಅದು ಸಸ್ತನಿ. ಹೋಲಿಕೆ ಕಂಡ ಕೂಡಲೇ ತೀರ್ಮಾನಕ್ಕೆ ಬರಬಾರದೆಂಬ ವಿಜ್ಞಾನದ ಪಾಠ ಪದಗಳಿಗೂ ಸಲ್ಲುತ್ತದೆ.

ಮನುಷ್ಯರಿಗೂ ಸಲ್ಲುತ್ತದೆ. 1486ರಲ್ಲಿ ಅಚ್ಚಾದ ‘ಬುಕ್ ಆಫ್ ಸೇಂಟ್ ಆಲ್ಬನ್ಸ್’ ಎಂಬ ಪುಸ್ತಕದಲ್ಲಿ ನರಿಗಳ ಗುಂಪಿಗೆ ‘ಸ್ಕಲ್ಕ್’ ಎಂಬ ಹೆಸರಿದೆ. ಕೋಳಿ ಕದಿಯಲು ಹೊಂಚುವ ನರಿಗೆ ಅದು ಒಪ್ಪುವ ಹೆಸರೇ. ಆದರೆ ಹಕ್ಕಿಗಳ ಕುರಿತ ಇಂಗ್ಲಿಷ್ ಪುಸ್ತಕಗಳಲ್ಲಿ ಜೊಂಡು, ಪೊದೆಗಳ ನಡುವೆ ಮರೆಯಾಗಿಯೇ ಓಡಾಡುವ ಹಕ್ಕಿಗಳಿಗೂ ಇದೇ ಪದ ಬಳಸುತ್ತಾರೆ. ಆ ಹಕ್ಕಿ ಏನನ್ನೂ ಕದ್ದಿಲ್ಲ. ಬಯಲಿಗೆ ಬಂದರೆ ಗಿಡುಗ ಎರಗುತ್ತದೆ; ಮರೆಯಲ್ಲಿದ್ದರೆ ಜೀವ ಉಳಿಯುತ್ತದೆ. ನಡೆ ಒಂದೇ, ಕಾರಣ ಬೇರೆ.

ಹಾಗಾದರೆ ಗೋಡೆಯ ಹಿಂದಿನ ಹುಡುಗ ನರಿಯೋ, ಹಕ್ಕಿಯೋ? ಮನೆಗೆ ಸುದ್ದಿ ತಲುಪಿದಾಗ ಅಪ್ಪನ ಬಾಯಿಂದ ಬಂದ ಮೊದಲ ಮಾತು ‘ಕಳ್ಳ ನನ್ಮಗ’. ಕೈಯೂ ಮೇಲೆದ್ದಿತ್ತು. ಅಷ್ಟರಲ್ಲಿ ತಾಯಿ ಮಗನ ಪಕ್ಕ ಕುಳಿತು, “ಯಾಕಪ್ಪಾ, ಯಾರಿಗೆ ಹೆದರಿ ಅಡಗಿದ್ದೆ?” ಎಂದು ಕೇಳಿದಳು. ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಚೀಲದ ತಳದಿಂದ ನಾಲ್ಕಾಗಿ ಮಡಚಿದ ಕಾಗದ ಹೊರಬಂತು. ಗಣಿತದ ಕಿರುಪರೀಕ್ಷೆಯ ಉತ್ತರಪತ್ರಿಕೆ. 25ಕ್ಕೆ 4. ಮೂರು ದಿನದಿಂದ ಅದು ಅಪ್ಪನ ಸಹಿಗೆ ಕಾಯುತ್ತಿತ್ತು. ಸಹಿ ಕೇಳಲು ಮನೆಯಲ್ಲಿ ಭಯ, ಸಹಿಯಿಲ್ಲದೆ ಹೋಗಲು ತರಗತಿಯಲ್ಲಿ ಭಯ. ನಡುವೆ ಅವನಿಗೆ ಉಳಿದದ್ದು ಆ ಗೋಡೆಯೊಂದೇ.

ಅಪ್ಪ ಕೈ ಇಳಿಸಿದ. ಸ್ವಲ್ಪ ಹೊತ್ತು ಕಾಗದವನ್ನೇ ನೋಡಿ, ಜೇಬಿನಿಂದ ಪೆನ್ನು ತೆಗೆದ. ಸಹಿ ಹಾಕಿದ ಮೇಲೆ, “ಬಾ, ಮೊದಲನೇ ಲೆಕ್ಕ ಎಲ್ಲಿ ತಪ್ಪಿತು ನೋಡೋಣ” ಎಂದ.