ಸೊಸೆಯ ಮಾರ್ಕ್ಸ್ ಕಾರ್ಡ್

2025ರ ಬೇಸಿಗೆ. ಮಾವಿನಕಾಯಿ ಹೆಚ್ಚಿ ಉಪ್ಪು ಹಚ್ಚುತ್ತಾ ಕೂತಿದ್ದೆ. ಸೊಸೆ ಸುಮಾ ಬಾಗಿಲಿಗೆ ಒರಗಿ ನಿಂತು, "ಅತ್ತೆ, ನಾನು ಎಂ.ಸಿ.ಎ. ಮಾಡ್ಲಾ?" ಎಂದು ಕೇಳಿದಳು. "ಮಗೂನ ಯಾರು ನೋಡ್ಕೊಳ್ತಾರೆ?" ಎಂದುಬಿಟ್ಟೆ. ಬಾಯಿಂದ ಮೊದಲು ಬಂದದ್ದು ಅದು! ಅವಳು ಸುಮ್ಮನೆ ಒಳಗೆ ಹೋದಳು. ಆಮೇಲೆ ನನಗೇ ನಾಚಿಕೆಯಾಯಿತು.

ತಿಪಟೂರಿನ ನಮ್ಮ ಮನೆಗೆ ಅವಳು ಬಂದು ಐದು ವರ್ಷವಾಗಿತ್ತು. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್ ಓದಿದವಳು. ಸಂಬಂಧ ಕುದುರಿದಾಗ "ಹುಡುಗಿ ಬಿ.ಎಸ್ಸಿ." ಎಂದು ಬೀದಿಯೆಲ್ಲ ಹೇಳಿಕೊಂಡು ಬಂದಿದ್ದೆ. ಮದುವೆಯ ಮರುದಿನದಿಂದ ಅದನ್ನು ಮರೆತೇಬಿಟ್ಟೆವು.

ರಾತ್ರಿ ಪಾತ್ರೆ ತೊಳೆಯುವಾಗ ನಾನೇ ಮಾತು ತೆಗೆದೆ. "ಓದೋದಾದ್ರೆ ಎಂ.ಟೆಕ್. ಓದಮ್ಮ, ದೊಡ್ಡದಲ್ವಾ?" ನಕ್ಕಳು. ಎಂ.ಟೆಕ್.ಗೆ ಸಾಮಾನ್ಯವಾಗಿ ಬಿ.ಇ. ಆಗಿರಬೇಕಂತೆ. ದೊಡ್ಡ ಸಂಸ್ಥೆಗಳಿಗೆ ಗೇಟ್ ಎಂಬ ಪರೀಕ್ಷೆ ಬೇರೆ. ಅದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಏಳು ಐ.ಐ.ಟಿ.ಗಳೂ ಸರದಿಯಂತೆ ನಡೆಸುತ್ತವೆ. ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಪಡೆದ ಅಂಕ ಮೂರು ವರ್ಷ ಊರ್ಜಿತ. "ನನ್ನ ಡಿಗ್ರಿಗೆ ಎಂ.ಸಿ.ಎ. ಹತ್ರದ ದಾರಿ ಅತ್ತೆ. ಮೊದಲು ಮೂರು ವರ್ಷ ಇತ್ತು, 2020ರಿಂದ ಎರಡೇ ವರ್ಷ" ಎಂದಳು. ಎರಡೇ ವರ್ಷ ಎಂದಾಗ ನನಗೂ ಸ್ವಲ್ಪ ಧೈರ್ಯ ಬಂತು.

ನಿಮ್ಮ ಮನೆಯಲ್ಲೂ ಇಂಥ ಮಗಳೋ ಸೊಸೆಯೋ ಇದ್ದರೆ ಕೇಳಿ. ಮೂರು ವರ್ಷದ ಪದವಿಯಾಗಿರಬೇಕು, ಶೇಕಡಾ 50 ಅಂಕ ಇರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ 45. ಬಿ.ಸಿ.ಎ. ಅಲ್ಲದೆ ಬೇರೆ ಪದವಿಯಾದರೆ ಸಾಮಾನ್ಯವಾಗಿ ಪಿ.ಯು.ಸಿ.ಯಲ್ಲೋ ಪದವಿಯಲ್ಲೋ ಗಣಿತ ಓದಿರಬೇಕು. "ಹೆಣ್ಣುಮಗೂಗೆ ಲೆಕ್ಕ ಯಾಕೆ" ಎಂದು ಪಿ.ಯು.ಸಿ.ಯಲ್ಲೇ ಗಣಿತ ಬಿಡಿಸುವ ಅಪ್ಪ-ಅಮ್ಮಂದಿರು ಇದನ್ನು ಎರಡು ಸಲ ಓದಿಕೊಳ್ಳಲಿ. ಆಮೇಲೆ ಪಿ.ಜಿ.ಸಿ.ಇ.ಟಿ. ಬರೆಯಬೇಕು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ಅದರಲ್ಲೂ ಗಣಿತ ಇದ್ದೇ ಇದೆ! ಇಲ್ಲಿ ಏಳು ವರ್ಷ ಓದಿದ್ದಕ್ಕೆ ವ್ಯಾಸಂಗ ಪ್ರಮಾಣ ಪತ್ರವನ್ನೂ ಜೋಡಿಸಿಟ್ಟುಕೊಳ್ಳಬೇಕು.

ಮಾರ್ಕ್ಸ್ ಕಾರ್ಡೆಲ್ಲ ತವರಿನ ಟ್ರಂಕಿನಲ್ಲಿದ್ದವು. ಬೀಗರು ಬಸ್ಸಿನಲ್ಲಿ ತಂದುಕೊಟ್ಟರು. ಆಗ ಹೊರಬಿತ್ತು ನೋಡಿ ನನ್ನ ತಪ್ಪು. ಎಸ್.ಎಸ್.ಎಲ್.ಸಿ. ಕಾರ್ಡಿನಲ್ಲಿ "ಸುಮಾ ಎಚ್.ಎನ್.", ಆಧಾರ್‌ನಲ್ಲಿ "ಸುಮಾ ರವಿಕುಮಾರ್". ಮದುವೆಯಾದ ವರ್ಷವೇ ಗಂಡನ ಹೆಸರು ಸೇರಿಸಲೇಬೇಕೆಂದು ಹಟ ಹಿಡಿದು, ಆಧಾರ್ ಕೇಂದ್ರಕ್ಕೆ ಅವಳನ್ನು ಕರೆದುಕೊಂಡು ಹೋದವಳು ನಾನೇ. ಆಗ ಅವಳಿಗೆ ಮನಸ್ಸಿರಲಿಲ್ಲ, ಆದರೂ ಮಾತಾಡಿರಲಿಲ್ಲ. ಈಗಲೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು.

ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಒಂದನ್ನು ನನ್ನ ಹಟಕ್ಕೆ ಕಳೆದಿದ್ದೆವು. ಎರಡನೆಯದಕ್ಕೆ ಮತ್ತೆ ನಾನೇ ಜೊತೆಗೆ ಹೋದೆ. ಮಗ, "ಯಾಕಮ್ಮ, ನನ್ನ ಹೆಸರು ಬೇಡವಾಯ್ತಾ?" ಎಂದು ನಗೆಯಾಡಿದ. ನಗೆಯೊಳಗೆ ಸ್ವಲ್ಪ ನೋವೂ ಇತ್ತು. "ನಿನ್ನ ಹೆಸರು ಮನೇಲಿರಲಿ ಕಣೋ, ಅವಳ ಹೆಸರು ಅವಳ ಓದಿಗಿರಲಿ" ಎಂದೆ. ಅಷ್ಟು ಮಾತು ನನಗೆ ಎಲ್ಲಿಂದ ಬಂತೋ!

ಆ ಎರಡು ತಿಂಗಳು ಸಂಜೆಯ ಅಡಿಗೆ ನನ್ನದು. ಮಗು ನನ್ನ ಮಗ್ಗುಲಲ್ಲೇ ಮಲಗಿತು. ಅವಳು ಊಟದ ಮೇಜಿನ ಮೇಲೆ ಹಳೇ ಗಣಿತದ ಪುಸ್ತಕ ಹರಡಿಕೊಂಡು ರಾತ್ರಿ ಹನ್ನೆರಡರವರೆಗೆ ಕೂರುತ್ತಿದ್ದಳು. ಪಕ್ಕದ ಮನೆಯಾಕೆ "ಈ ವಯಸ್ಸಲ್ಲಿ ಓದು ತಲೆಗೆ ಹತ್ತುತ್ತಾ?" ಎಂದರು. ಹತ್ತಿತು.

ಈಗ ತುಮಕೂರಿನ ಕಾಲೇಜಿಗೆ ಹೋಗಿಬರುತ್ತಾಳೆ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದದ್ದು ಅನುಕೂಲವಾಯಿತು. ಮಗು ಮೊದಲ ವಾರ ಬಸ್‌ ಸ್ಟ್ಯಾಂಡಿನಲ್ಲೇ ಅತ್ತಿತು, ಈಗ ಕೈಬೀಸಿ ಬರುತ್ತದೆ. ಆ ದಿನದ ಉಪ್ಪಿನಕಾಯಿಗೆ ಗಾಬರಿಯಲ್ಲಿ ಎರಡು ಸಲ ಉಪ್ಪು ಬಿದ್ದಿತ್ತು. ಅವಳ ಡಬ್ಬಿಯ ಮೊಸರನ್ನಕ್ಕೆ ಅದನ್ನೇ ಹಾಕಿ ಕಳಿಸುತ್ತಿದ್ದೆ. ಜೊತೆಯ ಹುಡುಗಿಯರು ಕೇಳಿ ಕೇಳಿ ತಿಂದು, ಜಾಡಿಯ ತಳ ಕಾಣಿಸಿಬಿಟ್ಟರು.