ವೆನಿಸಿನಲ್ಲೊಂದು ಕ್ರಿಸ್‌ಮಸ್ ಊಟ

ಆಡ್ರಿಯಾಟಿಕ್ ಸಮುದ್ರದ ಉತ್ತರದ ತುದಿಯಲ್ಲಿ, ಆಳವಿಲ್ಲದ ಹಿನ್ನೀರಿನ ನಡುವೆ, ನೂರಕ್ಕೂ ಮಿಕ್ಕ ಕಿರುದ್ವೀಪಗಳ ಮೇಲೆ ನಿಂತಿರುವ ನಗರ ವೆನಿಸ್. ಕೆಸರಿನಲ್ಲಿ ಮರದ ಕಂಬಗಳನ್ನು ಒತ್ತೊತ್ತಾಗಿ ಹೂಳಿ, ಅವುಗಳ ಮೇಲೆ ಕಲ್ಲು ಹಾಸಿ ಕಟ್ಟಿದ ಸೌಧಗಳು ಶತಮಾನಗಳಿಂದ ನೀರಿನಲ್ಲಿ ತಮ್ಮ ಮುಖವನ್ನು ನೋಡಿಕೊಳ್ಳುತ್ತಿವೆ. ಊರೊಳಗೆ ಬಂಡಿಯಿಲ್ಲ, ಮೋಟಾರಿಲ್ಲ. ನಡೆಯಬೇಕು, ಇಲ್ಲವೆ ದೋಣಿಯೇರಬೇಕು. ಬೇಸಿಗೆಯಲ್ಲಿ ಇಲ್ಲಿ ಪ್ರವಾಸಿಗಳ ಜಾತ್ರೆ. ಡಿಸೆಂಬರಿನಲ್ಲಾದರೋ ಕಾಲುವೆಗಳ ಮೇಲೆ ಮಂಜು ಕವಿದು, ಸಂತ ಮಾರ್ಕನ ಚೌಕದ 98 ಮೀಟರಿಗೂ ಮಿಕ್ಕ ಎತ್ತರದ ಗಂಟೆಗೋಪುರದ ತುದಿಯೂ ಒಮ್ಮೊಮ್ಮೆ ಕಾಣದಂತಾಗುತ್ತದೆ.

2024ರ ಕ್ರಿಸ್‌ಮಸ್ಸಿಗೆ ಮಂಗಳೂರಿನ ಕುಟುಂಬವೊಂದು ಈ ಊರಿಗೆ ಬಂದಿತ್ತು. ಮಗನಿಗೆ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಉದ್ಯೋಗ. ಅಲ್ಲಿಂದ ಅವನು, ಅವನ ಹೆಂಡತಿ, ಇಬ್ಬರು ಮಕ್ಕಳು, ಊರಿನಿಂದ ಕರೆಸಿಕೊಂಡ ವೃದ್ಧ ತಾಯಿ, ಹೀಗೆ ಐವರು ಆಲ್ಪ್ಸ್ ಪರ್ವತಗಳನ್ನು ರೈಲಿನಲ್ಲಿ ದಾಟಿ ಬಂದಿದ್ದರು. ತಂದೆ ತೀರಿಕೊಂಡ ಮೇಲಿನ ಮೊದಲ ಕ್ರಿಸ್‌ಮಸ್ ಅದು. ಐವತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ಹಬ್ಬ ಮಾಡಿದ ತಾಯಿ ಈ ಬಾರಿ ಖಾಲಿ ಮನೆಯಲ್ಲಿ ಒಬ್ಬಳೇ ಕುಳಿತಿರಬಾರದೆಂದು ಮಗ ಸಂಕಲ್ಪ ಮಾಡಿದ್ದ. ಕಡಲ ಮಗಳಾದ ಅವಳಿಗೆ ಕಡಲ ಮೇಲಿನ ಊರನ್ನು ತೋರಿಸಿ, ಹಬ್ಬದ ಹಿಂದಿನ ರಾತ್ರಿ ಒಳ್ಳೆಯ ಮೀನಿನ ಊಟ ಹಾಕಿಸಬೇಕೆಂಬುದು ಅವನ ಆಸೆ.

24ರ ಬೆಳಗ್ಗೆ ಅವರು ರಿಯಾಲ್ಟೊ ಸೇತುವೆಯ ಬಳಿಯ ಮೀನುಪೇಟೆಗೆ ಹೋದರು. 1591ರಲ್ಲಿ ಪೂರ್ಣಗೊಂಡ ಆ ಕಲ್ಲಿನ ಸೇತುವೆಯ ಆಸುಪಾಸು ನಗರದ ಹಳೆಯ ವ್ಯಾಪಾರಕೇಂದ್ರ. ಒಂದು ಕಾಲದಲ್ಲಿ ಮಲಬಾರಿನ ಕರಿಮೆಣಸು ಅರಬ್ಬರ ಕೈದಾಟಿ ಬಂದು ಯೂರೋಪಿಗೆ ಹಂಚಿಕೆಯಾಗುತ್ತಿದ್ದುದು ಇಲ್ಲಿಂದಲೇ. ಸುಮಾರು 1420ರಲ್ಲಿ ವಿಜಯನಗರವನ್ನು ಕಂಡು, ಅದರ ಸುತ್ತಳತೆ ಅರುವತ್ತು ಮೈಲಿಯೆಂದು ಬಣ್ಣಿಸಿದ ನಿಕೊಲೊ ಕೊಂಟಿಯೂ ವೆನಿಸಿನ ವರ್ತಕನೇ. ಅವನೂ ಸಂಸಾರ ಸಮೇತನಾಗಿಯೇ ಸಂಚರಿಸಿದವನು. ಹಿಂದಿರುಗುವ ದಾರಿಯಲ್ಲಿ ಈಜಿಪ್ಟಿನಲ್ಲಿ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಪಿಡುಗಿಗೆ ಬಲಿಕೊಟ್ಟು, ತಾಯ್ನಾಡನ್ನು ಸೇರಿದ.

ಕ್ರಿಸ್‌ಮಸ್ಸಿನ ಹಿಂದಿನ ದಿನ ಮಾಂಸವನ್ನು ವರ್ಜಿಸಿ ಮೀನು ಉಣ್ಣುವುದು ಇಟಲಿಯ ಸಂಪ್ರದಾಯ. ಆದ್ದರಿಂದ ಅಂದು ಪೇಟೆಯಲ್ಲಿ ನೂಕುನುಗ್ಗಲು. ಮಂಜುಗಡ್ಡೆಯ ಹಾಸಿನ ಮೇಲೆ ಹಾವುಮೀನು, ಬೊಂಡಾಸು, ಸಿಗಡಿ, ಬೆಳ್ಳಿಯಂತೆ ಹೊಳೆಯುವ ಬ್ರಾಂಜಿನೊ. ಭಾಷೆ ಬಾರದಿದ್ದರೂ ತಾಯಿಗೆ ಅಲ್ಲಿ ಯಾವ ತೊಡಕೂ ಆಗಲಿಲ್ಲ. ಅವಳು ಬೆರಳು ತೋರಿಸಿದಳು, ಮಾರುವವನು ಕಿವಿರನ್ನು ಎತ್ತಿ ಕೆಂಪು ತೋರಿಸಿದ, ಅವಳು ತಲೆಯಾಡಿಸಿದಳು. ನಿನ್ನೆಯ ಮೀನಾವುದು, ಇಂದಿನದಾವುದೆಂದು ಮೊಮ್ಮಕ್ಕಳಿಗೆ ವಿವರಿಸುವಾಗ ಅವಳ ಮುಖದಲ್ಲಿ ಬಹಳ ದಿನಗಳ ಮೇಲೆ ಕಳೆ ಕಾಣಿಸಿತು. ಮಗ ಅದನ್ನು ಗಮನಿಸಿದ.

ರಾತ್ರಿ ಅವನು ಆರಿಸಿದ ಊಟದ ಮನೆ ಚೌಕದಿಂದ ಕೂಗಳತೆಯಲ್ಲಿತ್ತು. ಬಾಗಿಲಲ್ಲಿ ನಿಂತವನೊಬ್ಬ ನಾಲ್ಕು ಭಾಷೆಗಳಲ್ಲಿ ಸ್ವಾಗತಿಸುತ್ತಿದ್ದ. ತಿನಿಸುಗಳ ಪಟ್ಟಿಯಲ್ಲಿ ಬಣ್ಣದ ಚಿತ್ರಗಳು. ಬ್ರಾಂಜಿನೊ ಎಂಬುದರ ಮುಂದೆ 9 ಯೂರೊ ಎಂಬ ಅಂಕಿ. ಅಷ್ಟೇ ತಾನೆ ಎಂದು ಅವನು ಸಂತೋಷದಿಂದಲೇ ಹೇಳಿಕಳುಹಿಸಿದ. ಒಳ್ಳೆಯ ಮನೆಗಳಲ್ಲಿ ಬೇಯಿಸುವ ಮೊದಲು ಮೀನನ್ನು ತಂದು ತೋರಿಸಿ ತೂಕ ಹೇಳುವ ರೂಢಿಯಿದೆ. ಇಲ್ಲಿ ಯಾರೂ ಏನನ್ನೂ ತೋರಿಸಲಿಲ್ಲ.

ಮುಕ್ಕಾಲು ಗಂಟೆಯ ಮೇಲೆ ಮೀನು ಬಂದಿತು. ಮೇಲೆ ನಿಂಬೆಯ ಹೋಳು, ಸೊಪ್ಪಿನ ಅಲಂಕಾರ. ಒಳಗೆ ಹತ್ತಿಯಂತೆ ಬಿಡುವ ಸಪ್ಪೆ ಮಾಂಸ, ಮುಳ್ಳಿನ ಬಳಿ ಇನ್ನೂ ಆರದ ಮಂಜಿನ ತಣುಪು. ಮಕ್ಕಳ ಶಾವಿಗೆ ಆರಿ ಮುದ್ದೆಯಾಗಿತ್ತು.

“ಹೇಗಿದೆ ಅಮ್ಮ?” ಎಂದ ಮಗ.

“ಚೆನ್ನಾಗಿದೆ ಪುತಾ,” ಎಂದಳು ತಾಯಿ.

ಬೆಳಗ್ಗೆ ಕಿವಿರಿನ ಬಣ್ಣದಿಂದಲೇ ದಿನವನ್ನು ಲೆಕ್ಕ ಹಾಕಿದವಳು ಹಾಗೆಂದದ್ದು ಏಕೆಂಬುದು ಮಗನಿಗೆ ತಿಳಿಯದಿರಲಿಲ್ಲ. ಅವನಿಗೆ ತಿಳಿಯಿತೆಂಬುದು ಅವಳಿಗೂ ತಿಳಿಯಿತು. ಆದರೂ ಇಬ್ಬರೂ ತಲೆಯೆತ್ತದೆ ಆ ಮೀನನ್ನು ಮುಳ್ಳು ಉಳಿಯುವ ತನಕ ತಿಂದರು. ಹಬ್ಬದ ರಾತ್ರಿ ಒಬ್ಬರನ್ನೊಬ್ಬರು ನೋಯಿಸದಿರಲು ಅವರಿಗೆ ತೋಚಿದ ದಾರಿ ಅದೊಂದೇ.

ಬಳಿಕ ಬಿಲ್ಲು ಬಂದಿತು. ಮೀನಿಗೆ 108 ಯೂರೊ! ಮಗ ಪಟ್ಟಿಯನ್ನು ಮತ್ತೆ ತರಿಸಿ ನೋಡಿದ. 9ರ ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ‘ಎತ್ತೊ’ ಎಂದಿತ್ತು. ಎತ್ತೊ ಎಂದರೆ ಇಟಲಿಯವರ ಮಾತಿನಲ್ಲಿ 100 ಗ್ರಾಂ. ಮೀನಿನ ತೂಕ 1,200 ಗ್ರಾಂ. ಹೆಸರಿನ ಮೇಲೊಂದು ನಕ್ಷತ್ರದ ಗುರುತೂ ಇತ್ತು. ಅದು ಶೀತಲೀಕರಿಸಿದ ಪದಾರ್ಥವೆಂಬುದಕ್ಕೆ ಅಲ್ಲಿ ಇಡುವ ಸಂಕೇತ. ಇದರ ಮೇಲೆ ತಲೆಗೆ 4 ಯೂರೊ ‘ಕೊಪೆರ್ತೊ’, ಅಂದರೆ ಮೇಜಿನ ಹಾಸಿಗೂ ರೊಟ್ಟಿಗೂ ಹಾಕುವ ದಸ್ತೂರಿ, ಸಾಲದುದಕ್ಕೆ ಸೇವಾಶುಲ್ಕ. ಎಲ್ಲವೂ ಅಚ್ಚಾಗಿಯೇ ಇದ್ದುದರಿಂದ ವಾದಿಸಲು ಎಡೆಯಿರಲಿಲ್ಲ. ನಮ್ಮ ಹಣದಲ್ಲಿ ಸುಮಾರು ಇಪ್ಪತ್ತು ಸಾವಿರ ರೂಪಾಯಿ ತೆತ್ತು ಅವರು ಹೊರಬಂದರು. ವೆನಿಸಿಗೆ ಹೋಗುವವರು ಈ ಮೂರು ಗುರುತುಗಳನ್ನು ನೆನಪಿಡುವುದು ಕ್ಷೇಮಕರ.

ಕೋಣೆಗೆ ಬಂದ ಮೇಲೆ ಯಾರೂ ಮಾತನಾಡಲಿಲ್ಲ. ತಾಯಿ ಪೆಟ್ಟಿಗೆಯ ತಳದಿಂದ ಒಂದು ತಗಡಿನ ಡಬ್ಬಿ ತೆಗೆದಳು. ಅದರಲ್ಲಿ ಊರಿನಿಂದ ಮಾಡಿ ತಂದ ಕುಸ್ವಾರ್: ಕಿಡಿಯೊ, ನೆವ್ರಿ, ಗುಳಿಯೊ. ಮಕ್ಕಳು ಹಾಸಿಗೆಯ ಮೇಲೆ ಕುಳಿತು ಕರಕರನೆ ತಿಂದವು. ಹೊರಗೆ ಗಂಟೆಗಳು ಮೊಳಗಿದವು.

27ರ ಮಧ್ಯಾಹ್ನ, ಹೊರಡುವ ಮುನ್ನ, ರಿಯಾಲ್ಟೊದ ಹಿಂದಿನ ಓಣಿಯಲ್ಲಿ ಅವರೊಂದು ಸಣ್ಣ ಅಂಗಡಿಯನ್ನು ಕಂಡರು. ಇಂಥವನ್ನು ‘ಬಾಕಾರೊ’ ಎನ್ನುತ್ತಾರೆ. ಒಳಗೆಲ್ಲ ಸ್ಥಳೀಕರೇ, ನಿಂತೇ ತಿನ್ನುವುದು ಪದ್ಧತಿ. ಗಾಜಿನ ಪೆಟ್ಟಿಗೆಯೊಳಗೆ ಬ್ರೆಡ್ಡಿನ ತುಂಡುಗಳ ಮೇಲೆ ಬೆಣ್ಣೆಯಂಥ ಬಿಳಿಯ ಮುದ್ದೆ. ಅದು ಬಕ್ಕಲಾ. 1431ರಲ್ಲಿ ಫ್ಲಾಂಡರ್ಸಿಗೆ ಹೊರಟ ಪಿಯೆತ್ರೊ ಕ್ವೆರೀನಿ ಎಂಬ ವೆನಿಸಿನ ನಾವಿಕ ಹಡಗೊಡೆದು, ನಾರ್ವೆಯ ಒಂದು ದ್ವೀಪ ಸೇರಿ, ಅಲ್ಲಿಯ ಬೆಸ್ತರ ಆಶ್ರಯದಲ್ಲಿ ಬದುಕಿಕೊಂಡ. ಗಾಳಿಗೆ ಒಣಗಿಸಿದ ಮೀನಿನ ಪರಿಚಯವನ್ನು ವೆನಿಸಿಗೆ ತಂದವನು ಅವನೇ ಎನ್ನುತ್ತಾರೆ. ಅದನ್ನು ನೆನೆಸಿ, ಬೇಯಿಸಿ, ಎಣ್ಣೆ ಹೊಯ್ಯುತ್ತ ಕಡೆದು ಈ ಮುದ್ದೆ ಮಾಡುತ್ತಾರೆ.

ತಾಯಿ ಒಂದು ತುಂಡು ಬಾಯಿಗಿಟ್ಟು ಕಣ್ಣರಳಿಸಿದಳು. “ಇದು ಒಣಮೀನಲ್ಲವೆ?”

“ಹೇಗಿದೆ ಅಮ್ಮ?” ಎಂದು ಮಗ ಅಳುಕುತ್ತ ಕೇಳಿದ.

“ಉಪ್ಪು ಸಾಲದು,” ಎಂದಳು ಅವಳು. “ನಮ್ಮಲ್ಲಾದರೆ ಉಪ್ಪು ಹಾಕಿ ಒಣಗಿಸುತ್ತಾರೆ. ಇವರು ಬರಿಯ ಗಾಳಿಗೆ ಇಟ್ಟಿದ್ದಾರೆ. ಇನ್ನೊಂದು ತೆಗೆದುಕೊಡು ನೋಡೋಣ.”

ಮಗ ನಕ್ಕು, ಅಂಗಡಿಯವನಿಗೆ ಎರಡು ಬೆರಳು ತೋರಿಸಿದ.