ಟ್ರಂಕು ಹೊರುವವರು ಯಾರು?

ಮೊದಲ ಸಲ ಅವಳು ಗಂಡನ ಮನೆ ಬಿಟ್ಟು ಬಂದಾಗ ಕಂಕುಳಲ್ಲಿ ಎರಡು ವರ್ಷದ ಮಗು ಬಿಟ್ಟರೆ ಬೇರೇನೂ ಇರಲಿಲ್ಲ. ಕಾಲಿಗೆ ಚಪ್ಪಲಿಯೂ ಇಲ್ಲ. ವಡಗೇರಾದ ನಮ್ಮ ಓಣಿಯಲ್ಲಿರುವ ತವರಿನಲ್ಲಿ ಎಂಟು ದಿನ ಇದ್ದಳು. ಒಂಬತ್ತನೇ ದಿನ ತಾನಾಗಿಯೇ ತಿರುಗಿ ಹೋದಳು. ಆಗ ನಾವು ಓಣಿಯ ಹೆಂಗಸರು ಏನಂದೆವು ಗೊತ್ತೇ? ಹೊಡೆದರೂ ಬಡಿದರೂ ಅವಳಿಗೆ ಅವನೇ ಬೇಕು ಎಂದೆವು.

ಎರಡನೇ ಸಲ ಬಂದಾಗ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಅಂದು ಮೊದಲ ಬಾರಿಗೆ ನಾವು ಅವಳನ್ನು ಕೇಳಿದೆವು: ಆಗ ಯಾಕೆ ಹೋದೆ?

"ಮಷೀನ್ ಅಲ್ಲೇ ಅದ ಅಕ್ಕಾ. ಅದು ಬಿಟ್ಟು ಬಂದು ಏನು ಉಣ್ಣಲಿ?"

ಅವಳ ಅಬ್ಬಾ ಹತ್ತಿ ಮಾರಿ ಬಂದ ದುಡ್ಡಿನಲ್ಲಿ ಕೊಡಿಸಿದ್ದ ಹೊಲಿಗೆ ಮಷೀನು ಅದು. ಟ್ರಂಕಿನಲ್ಲಿ ರೇಷನ್ ಕಾರ್ಡು, ಆಧಾರ್, ಬ್ಯಾಂಕಿನ ಪಾಸ್‌ಬುಕ್ಕು, ಮಗುವಿನ ಲಸಿಕೆ ಕಾರ್ಡು ಇದ್ದವು. ಅವಳು ಗಂಡನಿಗಾಗಿ ಹೋಗಿರಲಿಲ್ಲ, ತನ್ನ ಅನ್ನಕ್ಕಾಗಿ ಹೋಗಿದ್ದಳು. ನಮ್ಮ ಮಾತು ನೆನೆದು ನಮಗೇ ನಾಚಿಕೆಯಾಯಿತು.

ಕಾನೂನು ಅವಳ ಪರವಾಗಿಯೇ ಇದೆ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೆಣ್ಣಿನ ಸ್ತ್ರೀಧನವನ್ನೂ ಅವಳಿಗೆ ಸೇರಬೇಕಾದ ಇತರ ವಸ್ತುಗಳನ್ನೂ ಹಿಂದಿರುಗಿಸುವಂತೆ ಮ್ಯಾಜಿಸ್ಟ್ರೇಟರು ಅದರ 19ನೇ ಕಲಮಿನಡಿ ಆದೇಶಿಸಬಹುದು. ಈ ಕಾಯ್ದೆಗೆ ಜಾತಿ ಧರ್ಮಗಳ ಭೇದವಿಲ್ಲ. ತಲಾಕ್ ಆದ ಮುಸ್ಲಿಮ್ ಹೆಣ್ಣಿಗೆ ಮದುವೆಯಲ್ಲಿ ಬಂದ ವಸ್ತುಗಳೆಲ್ಲ ಅವಳಿಗೇ ಸೇರಬೇಕೆಂದು 1986ರ ಕಾಯ್ದೆಯೂ ಹೇಳುತ್ತದೆ. ಸಂರಕ್ಷಣಾಧಿಕಾರಿಯ ಮೂಲಕ ಅರ್ಜಿ ಹೋಯಿತು. ಹಲವು ವಾರಗಳ ಅಲೆದಾಟದ ನಂತರ ಆದೇಶವೂ ಬಂತು. ಆದರೆ ಆದೇಶದ ಕಾಗದ ಟ್ರಂಕು ಹೊರುವುದಿಲ್ಲವಲ್ಲ!

ನಿಕಾಹದ ಮರುದಿನ ಇದೇ ಸಾಮಾನು ಏರಿಸಲು ಓಣಿಯ ಇಪ್ಪತ್ತು ಹುಡುಗರು ನಾ ಮುಂದು ತಾ ಮುಂದು ಎಂದು ಬಂದಿದ್ದರು. ಈಗ ಕೇಳಿದರೆ ಒಬ್ಬನಿಗೆ ಹೊಲದ ಕೆಲಸ, ಒಬ್ಬನಿಗೆ ಜ್ವರ. ಮಂದಿ ಮನೆ ಜಗಳ ನಮಗೇಕೆ ಎಂಬುದೇ ನಿಜವಾದ ಕಾರಣ. ಕೊನೆಗೆ ಐದು ಜನ ಹೆಂಗಸರು, ಇಬ್ಬರು ಹುಡುಗರು, ಒಂದು ಟಂಟಂ ಸಿದ್ಧವಾಯಿತು. ಬಾಡಿಗೆ ಎಷ್ಟೆಂದು ಕೇಳಿದರೆ ಚಾಲಕ, "ಬಾಡಿಗಿ ಆಮ್ಯಾಲ ನೋಡೋಣ್ರಿ, ಮೊದಲ ಸಾಮಾನ ಏರಸ್ರಿ" ಎಂದ.

ಭೀಮಾ ದಂಡೆಯ ಆ ಹಳ್ಳಿಗೆ ಪೊಲೀಸ್ ಪೇದೆಯೊಬ್ಬರ ಜೊತೆಯಲ್ಲೇ ಹೋದೆವು. ಹೆಂಗಸು ಮನೆ ಬಿಡುವ ಹೊತ್ತೇ ಅತ್ಯಂತ ಅಪಾಯದ ಹೊತ್ತು. ಗಂಡನ ಕೈಮೀರಿ ಹೋಗುತ್ತಿದ್ದಾಳೆ ಎಂಬ ಸಿಟ್ಟು ಅಲ್ಲಿ ಸಿಡಿಯುತ್ತದೆ. ಯಾರೂ ಒಂದು ಮಾತೂ ಆಡಕೂಡದೆಂದು ಮೊದಲೇ ನಿರ್ಧರಿಸಿದ್ದೆವು. ಅವಳು ಬರೆಸಿದ್ದ ಪಟ್ಟಿ ನಮ್ಮ ಕೈಯಲ್ಲಿತ್ತು. ಅದರಲ್ಲಿಲ್ಲದ ಒಂದು ಚಮಚವನ್ನೂ ಮುಟ್ಟಲಿಲ್ಲ. ಮಾಳಿಗೆಗಳ ಮೇಲೆ ನಿಂತು ಊರೇ ನೋಡುತ್ತಿತ್ತು. ಗಂಡ ಅಂಗಳದಲ್ಲಿ ಬೀಡಿ ಸೇದುತ್ತ ಕುಳಿತಿದ್ದ. ಕೊನೆಯ ಕೊಡಪಾನ ಹೊರಬರುವ ಹೊತ್ತಿಗೆ ಅತ್ತೆ ಒಳಗಿನಿಂದ ಒಂದು ಸಣ್ಣ ಕೌದಿ ತಂದು, ಯಾರ ಮುಖವನ್ನೂ ನೋಡದೆ, ನಮ್ಮ ಕೈಗಿಟ್ಟಳು. ಮಗು ಹೊದೆಯುತ್ತಿದ್ದ ಕೌದಿ. ಅದು ಪಟ್ಟಿಯಲ್ಲಿರಲಿಲ್ಲ.

ಇದನ್ನೇ ಸೇವೆಯನ್ನಾಗಿ ಮಾಡಿಕೊಂಡವರು ಹೊರದೇಶಗಳಲ್ಲಿದ್ದಾರೆ. ಕೆನಡಾದ ಟೊರಾಂಟೊದಲ್ಲಿ 2016ರಲ್ಲಿ ಹುಟ್ಟಿದ 'ಶೆಲ್ಟರ್ ಮೂವರ್ಸ್' ಸಂಸ್ಥೆಯ ಸ್ವಯಂಸೇವಕರು ಹಿಂಸೆಯ ಮನೆ ಬಿಡುವವರ ಸಾಮಾನನ್ನು ಹಣ ಪಡೆಯದೆ ಸಾಗಿಸುತ್ತಾರೆ. ನಮ್ಮಲ್ಲಿ 181ಕ್ಕೆ ಕರೆ ಮಾಡಿದರೆ ಸಲಹೆ ಸಿಗುತ್ತದೆ. ಹೊರುವ ಹೆಗಲು ಮಾತ್ರ ಓಣಿಯಿಂದಲೇ ಬರಬೇಕು. ಜಮಾಅತಿನ ಹಿರಿಯರೇ, ಯುವಕ ಸಂಘದವರೇ, ಮಯ್ಯತ್ತಿಗೆ ಹೆಗಲು ಕೊಡಲು ನಮ್ಮಲ್ಲಿ ಯಾರೂ ಹಿಂದೆ ಸರಿಯುವುದಿಲ್ಲ. ಬದುಕಿ ಹೊರಬಂದವಳ ಟ್ರಂಕಿಗೆ ಯಾಕೆ ಹಿಂಜರಿಕೆ?

ಟಂಟಂ ಅರ್ಧ ದಾರಿಗೆ ಬಂದಾಗ ಅವಳು ಹಣೆ ಚಚ್ಚಿಕೊಂಡಳು. ಮಷೀನಿನ ಬಾಬಿನ್ ಕೇಸು ಗೋಡೆಯ ಮಾಡದಲ್ಲೇ ಉಳಿದಿತ್ತು. ತಿರುಗಿಸಲೇ ಎಂದು ಚಾಲಕ ಕೇಳಿದ. "ಬ್ಯಾಡ ಅಣ್ಣಾ, ನಡಿ" ಎಂದಳು. ಮರುದಿನ ಯಾದಗಿರಿಯಿಂದ ಹೊಸದು ತರಿಸಿದೆವು.